ಹೆಪ್ಪಿನ ಹೊಂಡ

ನಮ್ ಕನ್ ಊರಿನಿಂದ,
ಎಂಟನೆಯ ತಿಂಗಳ ಹದಿನಾರು, ಬೆಳಿಗ್ಗೆ

ಮಗಳೇ ಥೋವಾ,

ಈ ಮನೆಗೆ ಬಂದ ಮೇಲೆ ನಿನ್ನನ್ನು ಯಾರೂ ಹೆಸರು ಹಿಡಿದು ಕರೆದಿಲ್ಲ. ಹುಟ್ಟಿದ ಸರದಿಯ ಸಂಖ್ಯೆಯಿಂದಲೇ ಕರೆಯುವ ನಮ್ಮಲ್ಲಿ ನನ್ನ ಮಗ ಖಾಂಗ್ 'ನಾಲ್ಕು', ಹಾಗಾಗಿ ಅವನ ಹೆಂಡತಿ ನೀನೂ ಎಲ್ಲರ ಬಾಯಲ್ಲಿ 'ನಾಲ್ಕು' ಆದೆ. ಇವತ್ತು ಹೆಸರಿನಿಂದಲೇ ಶುರು ಮಾಡಿದ್ದೇನೆ, ಹೇಳಬೇಕಾದ ಮಾತು ಅಂಥದ್ದು. ಫೋನಿನಲ್ಲಿ ಹೇಳೋಣವೆಂದು ಎರಡು ಸಲ ಕೈಗೆತ್ತಿಕೊಂಡೆ. ನಿನ್ನ ದನಿ ಕೇಳಿದರೆ ಊಟ ಆಯಿತಾ ಎಂದು ವಿಚಾರಿಸಿ ಇಟ್ಟುಬಿಡುತ್ತೇನೆಂದು ನನಗೇ ಗೊತ್ತು.

ಹೋದ ವರ್ಷ ನಮ್ಮ ಏಡಿ ಸಾಕುವ ಹೊಂಡಕ್ಕೆಂದು ನೀಲಿ ಡ್ರಮ್ಮಿನಲ್ಲಿ ಕಾಕಂಬಿ, ಅಕ್ಕಿ ತೌಡು ಕಲಸಿ, ನಿನ್ನ ಪೊಟ್ಟಣದ ಪುಡಿ ಸೇರಿಸಿ ಮೂರು ದಿನ ಇಟ್ಟಿದ್ದೆಯಲ್ಲ. ಇವು ಒಳ್ಳೆಯ ಜೀವಾಣು, ಏಡಿಯ ಹೊಟ್ಟೆಯಲ್ಲೂ ನೀರಿನಲ್ಲೂ ಕೆಟ್ಟದ್ದಕ್ಕೆ ಜಾಗ ಬಿಡುವುದಿಲ್ಲ ಎಂದು ತಾಳ್ಮೆಯಿಂದ ವಿವರಿಸಿದ್ದೆ. ನಮ್ಮ ಮಾತಿನಲ್ಲಿ ಅದಕ್ಕೂ ಹೆಪ್ಪು ಎನ್ನುತ್ತಾರೆ, ನಾನು ಸಾರಾಯಿ ಭಟ್ಟಿಯ ಅನ್ನಕ್ಕೆ ಹಾಕುವುದಕ್ಕೂ ಹೆಪ್ಪು ಎಂದೇ ಹೆಸರು. ಮೂವತ್ತು ವರ್ಷ ಭಟ್ಟಿ ಇಳಿಸಿದವಳಿಗೆ ನಿನ್ನೆ ಮೊನ್ನೆ ಬಂದವಳು ಹೆಪ್ಪಿನ ಪಾಠ ಹೇಳುತ್ತಾಳೆ ಎಂಬ ಕೊಬ್ಬು ನನಗಿತ್ತು. ಪಕ್ಕದ ಹೊಂಡದ ಮುವೊಯ್ ಬೇರೆ ಚುಚ್ಚಿದ್ದ. "ಏನಕ್ಕಾ, ನಿನ್ ಸೊಸೆ ಏಡಿಗೂ ಕುಡಿಯೋದು ಕಲಿಸ್ತಾಳಂತೆ? ನಂಚ್ಕೊಳ್ಳೋಕೆ ಏನ್ ಕೊಡ್ತಾಳೆ?"

ಭಟ್ಟಿಯವರಿಗೆ ಒಂದು ನೇಮವಿದೆ. ಹೆಪ್ಪು ಹಾಕುವ ಮುಂಚೆ ಜಾಡಿಯನ್ನು ಕುದಿನೀರಿನಲ್ಲಿ ತೊಳೆಯಲೇಬೇಕು, ಇಲ್ಲದಿದ್ದರೆ ಎಲ್ಲ ಹುಳಿ. ಹೊಂಡವೂ ದೊಡ್ಡದೊಂದು ಜಾಡಿ ತಾನೇ ಎಂದುಕೊಂಡೆ. ನೀನು ಡ್ರಮ್ಮು ಸುರಿಯಬೇಕಿದ್ದ ದಿನ ನೀವಿಬ್ಬರೂ ದೋಣಿಯಲ್ಲಿ ಸಂತೆಗೆ ಹೋಗಿದ್ದಾಗ, ಎರಡು ಬಕೆಟ್ ಬ್ಲೀಚಿಂಗ್ ಪುಡಿಯನ್ನು ಹೊಂಡದ ತುಂಬ ಎರಚಿದೆ. ನಿನ್ನ ಕೆಲಸ ಚೆನ್ನಾಗಿ ಆಗಲಿ ಎಂದೇ ಎರಚಿದ್ದು, ಇದನ್ನಾದರೂ ನಂಬು. ಅವತ್ತು ಹುಣ್ಣಿಮೆ. ಏಡಿಗಳು ಚಿಪ್ಪು ಕಳಚಿ ಮೈ ಮೆತ್ತಗಿದ್ದ ಹೊತ್ತು. ಮಧ್ಯಾಹ್ನ ನೀನು ಬಂದು ಆ ನೀರಿಗೇ ಹೆಪ್ಪು ಸುರಿದೆ.

ಮೂರನೆಯ ದಿನ ದಡದ ಉದ್ದಕ್ಕೂ ಸತ್ತ ಏಡಿ. "ಅತ್ತೆ, ನೀರಿಗೆ ಯಾರಾದ್ರೂ ಏನಾದ್ರೂ ಹಾಕಿದ್ರಾ?" ಎಂದು ನೀನು ಕೇಳಿದೆ. "ಯಾರು ಹಾಕ್ತಾರೆ?" ಎಂದೆ ನಾನು. ಆಗಲೇ ನನಗೆ ಅನುಮಾನ ಬಂದಿತ್ತು. ಗೊತ್ತಿರಲಿಲ್ಲ ಎಂದು ಬರೆದರೆ ಇನ್ನೊಂದು ಸುಳ್ಳಾಗುತ್ತದೆ. ಖಾಂಗ್ ಊರವರ ಮುಂದೆ, "ಓದಿದೋಳು ಅಂತ ಹೊಂಡ ಕೈಗೆ ಕೊಟ್ರೆ ಸ್ಮಶಾನ ಮಾಡಿಟ್ಲು" ಎಂದು ಕೂಗಾಡಿದಾಗ ನೀನು ಒಮ್ಮೆ ನನ್ನ ಕಡೆ ನೋಡಿದೆ. ನಾನು ಅಕ್ಕಿ ತೊಳೆಯುತ್ತಿದ್ದೆ. ತಲೆ ಎತ್ತಲಿಲ್ಲ. ಮಾರನೆಯ ದಿನ ನೀನು ತವರಿಗೆ ಹೊರಟುಹೋದೆ.

ನೀನು ಬಿಟ್ಟುಹೋದ ನೋಟ್‌ಬುಕ್ಕು ಈ ಬೇಸಿಗೆಯಲ್ಲಿ ಸಿಕ್ಕಿತು. ಬ್ಲೀಚಿಂಗ್ ಹಾಕಿದ ನೀರಿಗೆ ವಾರ ಕಳೆಯದೆ ಹೆಪ್ಪು ಹಾಕಬಾರದು, ಹಾಕಿದರೆ ಅದೂ ಸಾಯುತ್ತದೆ ಎಂದು ಮೊದಲ ಪುಟದಲ್ಲೇ ಕೆಂಪು ಗೆರೆ ಎಳೆದು ಬರೆದಿದ್ದೀಯ. ಹೊಸ ಪೊಟ್ಟಣ ತರಿಸಿ, ನೀನು ಬರೆದಂತೆಯೇ ಮಾಡಿದೆ. ಸ್ವಲ್ಪ ನೀರಿಗೆ, ಸ್ವಲ್ಪ ಏಡಿಗಳಿಗೆ ಮೇವಾಗಿ ಹಾಕುವ ಮೀನಿಗೆ. ಈ ಸಲ ಏಡಿಗಳ ಕಿವಿರು ಕಪ್ಪಾಗಿಲ್ಲ, ಚಿಪ್ಪಿನ ಮೇಲಿನ ಪಾಚಿ ಹೋಗಿದೆ, ಚಿಪ್ಪು ಕಳಚುವಾಗ ಸತ್ತವು ತೀರ ಕಡಿಮೆ. ಮೊನ್ನೆ ಮುವೊಯ್ ಕ್ಯಾನು ಹಿಡಿದು ಬಂದು, "ಅಕ್ಕಾ, ನಿನ್ ಹೆಪ್ಪು ನಂಗೂ ಒಂಚೂರು ಕೊಡೇ" ಎಂದ. ನಂದಲ್ಲ, ಥೋವಾಳದ್ದು ಎಂದೆ. ಅಷ್ಟೇ ಹೇಳಿ ಕ್ಯಾನು ತುಂಬಿಸಿಕೊಟ್ಟೆ.

ಇಪ್ಪತ್ತೆರಡಕ್ಕೆ ನಿನ್ನ ಮಾವನ ತಿಥಿ. ಊರೆಲ್ಲ ಊಟಕ್ಕೆ ಬರುತ್ತದೆ. ಊದುಬತ್ತಿ ಹಚ್ಚಿದ ಮೇಲೆ, ಯಾರಾದರೂ ಊಟಕ್ಕೆ ಚಾಪೆಯ ಮೇಲೆ ಕೂರುವ ಮುಂಚೆ, ಎಲ್ಲರೆದುರು ಇದನ್ನು ಹೇಳುತ್ತೇನೆ. ನೀನು ಬಂದರೂ ಹೇಳುತ್ತೇನೆ, ಬಾರದಿದ್ದರೂ ಹೇಳುತ್ತೇನೆ.

ನಿನಗೆ ಅನ್ಯಾಯ ಮಾಡಿದ
ನಿನ್ನ ಅತ್ತೆ ಲುವಾ

ಮತ್ತೆ ಬರೆದದ್ದು: ಖಾಂಗ್ ಊಟಕ್ಕೆ ಬಂದಾಗ ಇದನ್ನು ಓದಿ ಹೇಳಿದೆ. ಬೆಚ್ಚಿಬೀಳುತ್ತಾನೆ ಎಂದುಕೊಂಡಿದ್ದೆ. ತಟ್ಟೆಯಿಂದ ಕಣ್ಣೆತ್ತದೆ, "ಅವತ್ತೇ ಗೊತ್ತಿತ್ತಮ್ಮ. ನಿನ್ ತೋಳಿಂದ ಬ್ಲೀಚಿಂಗ್ ವಾಸ್ನೆ ಹೊಡೀತಿತ್ತು. ಊರೋರ ಮುಂದೆ ಹೆತ್ತೋಳ ಹೆಸ್ರು ಹೇಳಕ್ಕಾಗತ್ತಾ?" ಎಂದ. ಈ ಕಾಗದ ಹಾಕಬೇಡ ಎಂದೂ ಹೇಳಿದ. ನಾನೇ ಮಧ್ಯಾಹ್ನ ಒಂದು ಗಂಟೆಯ ದೋಣಿಗೆ ಹೋಗಿ ಅಂಚೆಗೆ ಹಾಕುತ್ತಿದ್ದೇನೆ. ಸಹಿಯ ಮೇಲೆ ಒಂದು ಸಾಲು ಗೀಚಿ ಹೊಡೆದುಹಾಕಿರುವುದು ನಿನಗೆ ಕಾಣುತ್ತದೆ. 'ಮನೆಗೆ ಬಾ ಮಗಳೇ' ಎಂದು ಬರೆದಿದ್ದೆ. ನನ್ನ ತಪ್ಪೊಂದೇ ಆಗಿದ್ದರೆ ಕಾಲು ಹಿಡಿದಾದರೂ ಕರೆಯುತ್ತಿದ್ದೆ. ಈಗ ಕರೆಯುವ ಬಾಯಿ ನನಗಿಲ್ಲ.