ಗೇಟಿನ ಹೊರಗೆ ಉಳಿದ ಹೆಪ್ಪು

೨೧೯೧ನೇ ಇಸವಿ, ಫೆಬ್ರವರಿ ಮೂವತ್ತು
ಮೇಲ್ದಂಡೆ ಬಡಾವಣೆ, ಗದಗ ಸೀಮೆ

ನಮಗಿಂತ ಮೊದಲು ಬದುಕುತ್ತಿರುವವರಿಗೆ,

ತಾರೀಖು ನೋಡಿ ನಗಬೇಡಿ. ಮನೆಮನೆಗೆ ನೀರು ಪಾಲು ಹಾಕಲು ಅನುಕೂಲವಾಗಲೆಂದು ನಾವು ಎಲ್ಲ ತಿಂಗಳಿಗೂ ಮೂವತ್ತೇ ದಿನ ಮಾಡಿಕೊಂಡಿದ್ದೇವೆ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮೆಯಿರಲಿ. ನಿಮ್ಮ ಕಾಲದ ಪುಸ್ತಕಗಳನ್ನು ಓದಿ ಬೆಳೆದವಳು ನಾನು. ಆದಷ್ಟೂ ನಿಮ್ಮ ಭಾಷೆಯಲ್ಲೇ ಬರೆಯುತ್ತೇನೆ.

ನೀವು ಬಯೋರಿಯಾಕ್ಟರ್ ಎನ್ನುವುದನ್ನು ನಾವು ಜೀವತೊಟ್ಟಿ ಎನ್ನುತ್ತೇವೆ. ಬಡಾವಣೆಗೊಂದು ಇದೆ. ಸ್ನಾನದ ನೀರು, ಪಾತ್ರೆ ತೊಳೆದ ನೀರು, ಶೌಚದ ನೀರು ಎಲ್ಲವೂ ಅದರೊಳಗೆ ಹೋಗುತ್ತವೆ. ಕಣ್ಣಿಗೆ ಕಾಣದ ಜೀವಿಗಳು ಕೊಳೆಯನ್ನು ತಿನ್ನುತ್ತವೆ, ತಳದಿಂದ ಗಾಳಿ ಗುಳುಗುಳು ಏಳುತ್ತಿರುತ್ತದೆ, ಸಣ್ಣ ಜರಡಿಗಳನ್ನು ದಾಟಿ ಅದೇ ನೀರು ನಲ್ಲಿಗೆ ಬರುತ್ತದೆ. ತೊಟ್ಟಿಯಲ್ಲಿರುವ ಕಂದು ಬಣ್ಣದ ಗಟ್ಟಿ ರಾಡಿಗೆ ಹೆಪ್ಪು ಎಂದು ಹೆಸರು. ಹಾಲಿಗೆ ಹಳೆಯ ಮೊಸರು ಬೇಕಾದಂತೆ ಹೊಸ ತೊಟ್ಟಿಗೆ ಬದುಕಿರುವ ತೊಟ್ಟಿಯ ಹೆಪ್ಪು ಬೇಕು. ಆ ಜೀವಿಗಳಿಗೆ ತೊಂದರೆಯಾಗದಂತೆ ನಮ್ಮ ಸಂಸಾರ ನಡೆಯುತ್ತದೆ. ಫಿನಾಯಿಲ್ ಯಾರ ಮನೆಯಲ್ಲೂ ಇಲ್ಲ. ಬಟ್ಟೆಗೆ ಅಂಟುವಾಳದ ನೊರೆ. ಮನೆಗೆ ಬಂದ ನೆಂಟರನ್ನು ಮೊದಲು ಕೇಳುವುದು, ಯಾವುದಾದರೂ ಖಾರವಾದ ಔಷಧಿ, ನೀವು ಆ್ಯಂಟಿಬಯೋಟಿಕ್ ಎನ್ನುವಂಥದ್ದು, ತೆಗೆದುಕೊಳ್ಳುತ್ತಿದ್ದೀರಾ ಎಂದು. ಹೌದು ಎಂದರೆ ಅವರಿಗೆ ಬೇರೆ ಶೌಚಪಾತ್ರೆ ಕೊಡುತ್ತೇವೆ, ಯಾರೂ ಬೇಸರಪಡುವುದಿಲ್ಲ.

ಕಳೆದ ವರ್ಷ ನಮ್ಮ ಸಮಿತಿಯ ಕಾರ್ಯದರ್ಶಿಯ ಮಗಳ ಮದುವೆ ನಡೆಯಿತು. ಆ ವಾರ ತೊಟ್ಟಿ ಸ್ವಲ್ಪ ವಾಸನೆ ಹೊಡೆಯುತ್ತಿತ್ತು. ಗಾಳಿ ಹೆಚ್ಚು ಬಿಟ್ಟರೆ ಸರಿಹೋಗುತ್ತಿತ್ತು. ಆದರೆ ಬೀಗರು ಏನೆಂದಾರು ಎಂದು ಹೆದರಿ, ಕಾರ್ಯದರ್ಶಿ ಎಲ್ಲಿಂದಲೋ ಬ್ಲೀಚಿಂಗ್ ಪುಡಿ ತರಿಸಿ ತೊಟ್ಟಿಗೆ ಸುರಿಸಿದರು. ವಾಸನೆ ಹೋಯಿತು. ತೊಟ್ಟಿಯೂ ಸತ್ತಿತು. ಮದುವೆಯ ಊಟ ಚೆನ್ನಾಗಿತ್ತು.

ಹತ್ತಿರದಲ್ಲಿ ಬದುಕಿದ್ದದ್ದು ಹಳ್ಳದಾಚೆಯ ಕೆಳದಂಡೆಯ ತೊಟ್ಟಿ. ಅಲ್ಲಿನ ಅಧ್ಯಕ್ಷೆ, ವಕೀಲೆ ಹುಲಿಗೆವ್ವ, ತಾವಾಗಿಯೇ ಹೆಪ್ಪು ಕೊಡುತ್ತೇವೆಂದು ಹೇಳಿ ಕಳುಹಿಸಿದರು. ನಮ್ಮ ಸಭೆ ಸೇರಿತು. ಅವರ ಮನೆಗಳ ಕೊಳೆ ತಿಂದು ಬೆಳೆದ ಹೆಪ್ಪು ನಮ್ಮ ಕುಡಿಯುವ ನೀರಿಗೆ ಹೇಗೆ ಎಂದು ಒಬ್ಬರು ಕೇಳಿದರು. ಅದನ್ನು ಶುದ್ಧಿ ಮಾಡಿಸಿ ಹಾಕಬಹುದೇ ಎಂದು ಇನ್ನೊಬ್ಬರು. ಹೆಪ್ಪಿಗೆ ಮಡಿಬಟ್ಟೆ ಉಡಿಸೋಣವೇ ಎಂದು ಹಿಂದಿನ ಸಾಲಿನಿಂದ ಯಾರೋ ಅಂದಾಗ ಎಲ್ಲರೂ ನಕ್ಕರು, ನಕ್ಕವರೇ ವಿರುದ್ಧ ಕೈ ಎತ್ತಿದರು. ಅವರಲ್ಲಿ ನನ್ನ ಅಕ್ಕ ಸುವರ್ಣಾ ಇದ್ದಳು. ಆಯುಷ್ಯವಿಡೀ ಶಾಲೆಯಲ್ಲಿ ವಿಜ್ಞಾನ ಕಲಿಸಿದವಳು. ಮನೆಗೆ ಹೋಗುವ ದಾರಿಯಲ್ಲಿ ನಾನು ಜಗಳ ತೆಗೆದೆ. ಅವಳು ಸಿಟ್ಟಾಗಲಿಲ್ಲ.

“ಹುಳಕ್ಕ ಜಾತಿ ಇಲ್ಲಂತ ನನಗೂ ಗೊತ್ತೈತಿ, ಪ್ರಭಾ,” ಅಂದಳು. “ನನಗೈತಲ್ಲ.”

ಆದರೂ ಹುಲಿಗೆವ್ವ ಎರಡು ಕ್ಯಾನ್ ಹೆಪ್ಪು ತಂದರು. ನಮ್ಮವರು ಬಡಾವಣೆಯ ಗೇಟು ತೆರೆಯಲಿಲ್ಲ. ಅವರು ಕ್ಯಾನುಗಳನ್ನು ಹೊರಗಿಟ್ಟು ಹೋದರು. ಗಾಳಿಯಿಲ್ಲದೆ, ಬಿಸಿಲಲ್ಲಿ ಸಂಜೆಯೊಳಗೆ ಹೆಪ್ಪು ಕಪ್ಪಾಗಿ ನಾರಿತು. ನೋಡಿದಿರಾ, ಅವರದ್ದು ಹೇಗೆ ನಾರುತ್ತದೆ ಎಂದು ನಮ್ಮವರು ಮೂಗು ಮುಚ್ಚಿಕೊಂಡರು. ದೂರದ ನಗರದಿಂದ ಒಣಗಿಸಿದ ಪುಡಿಹೆಪ್ಪು ತರಿಸುವುದೆಂದೂ ಅಲ್ಲಿಯವರೆಗೆ ನೀರನ್ನು ಬರೀ ಜರಡಿ ಹಿಡಿದು ಬಿಡುವುದೆಂದೂ ತೀರ್ಮಾನವಾಯಿತು. ಕುಡಿಯುವ ನೀರನ್ನು ಎಲ್ಲರೂ ಕಾಸಿದರು. ಪಾತ್ರೆ, ತರಕಾರಿಗಳನ್ನು ಹಸಿ ನೀರಲ್ಲೇ ತೊಳೆದರು. ವಾಂತಿಭೇದಿ ಓಣಿಯಿಂದ ಓಣಿಗೆ ಹೋಯಿತು. ಸುವರ್ಣಕ್ಕ ತೀರಿಕೊಂಡಳು.

ಹೆಣ ತೊಳೆಯಲು ನಮ್ಮ ನಲ್ಲಿಯ ನೀರು ಬೇಡವೆಂದು ಸಮಿತಿಯವರೇ ಕೆಳದಂಡೆಯಿಂದ ಟ್ಯಾಂಕರ್ ತರಿಸಿದರು. ಅದೇ ಹೆಪ್ಪು ತಿಳಿ ಮಾಡಿದ ನೀರು. ಅದಕ್ಕೆ ಗೇಟು ತೆರೆಯಿತು. ಹುಲಿಗೆವ್ವ ಡ್ರೈವರನ ಪಕ್ಕ ಕೂತು ಬಂದಿದ್ದರು. “ಇನ್ನೆರಡು ಕ್ಯಾನ್ ತರ್ಲೇನ್ರಿ?” ಎಂದು ಮೆಲ್ಲಗೆ ಕೇಳಿದರು. ಸಮಿತಿಯವರು ಟ್ಯಾಂಕರಿನ ಕೊಳವೆ ಬಿಚ್ಚತೊಡಗಿದರು. ನಾನು ತಂಬಿಗೆ ಹಿಡಿದು ಅಕ್ಕನ ತಲೆಯ ಮೇಲೆ ನೀರು ಹಾಕಿದೆ. ನೀರು ತಣ್ಣಗಿತ್ತು. ಅಳು ಬರಲಿಲ್ಲ, ಇನ್ನೂ ಬಂದಿಲ್ಲ.

ಆಮೇಲೆ ಪುಡಿಹೆಪ್ಪು ಬಂತು. ತೊಟ್ಟಿ ಈಗ ಚೆನ್ನಾಗಿ ನಡೆಯುತ್ತಿದೆ. ಈ ವಿಷಯ ಯಾರೂ ಎತ್ತುವುದಿಲ್ಲ.

ನನ್ನ ಸಿಟ್ಟು ನಮ್ಮವರ ಮೇಲಷ್ಟೇ ಅಲ್ಲ, ನಿಮ್ಮ ಮೇಲೂ ಇದೆ. ಬಡಾವಣೆಗೊಂದು, ಅಪಾರ್ಟ್‌ಮೆಂಟಿಗೊಂದು ತೊಟ್ಟಿ ಇರಲಿ ಎಂದವರು ನೀವು. ಅನುಕೂಲಕ್ಕಾಗಿ ಎಂದು ಪುಸ್ತಕಗಳಲ್ಲಿದೆ. ಯಾರಿಗೆ ಅನುಕೂಲ ಎಂದು ಎಲ್ಲೂ ಬರೆದಿಲ್ಲ. ನಕ್ಷೆ ಇನ್ನೂ ನಿಮ್ಮ ಮೇಜಿನ ಮೇಲಿದ್ದರೆ ಒಂದು ಕೆಲಸ ಮಾಡಿ. ಹಳ್ಳದ ಎರಡೂ ದಂಡೆಯ ಪೈಪುಗಳನ್ನು ಒಂದೇ ತೊಟ್ಟಿಗೆ ಎಳೆಯಿರಿ. ಮೊದಲ ದಿನವೇ ಎಲ್ಲರ ಕೊಳೆಯೂ ಕಲೆತುಹೋಗಲಿ. ಅದನ್ನು ಮತ್ತೆ ಬೇರೆ ಮಾಡುವ ಜಾಣರು ನಮ್ಮ ಕಾಲದಲ್ಲೂ ಹುಟ್ಟಿಲ್ಲ.

ನೀವು ಹಾಗೆ ಮಾಡಿದರೆ ಈ ಪತ್ರ ಬರೆಯುವ ಕೆಲಸ ನನಗಿರುವುದಿಲ್ಲ. ಇಷ್ಟು ಹೊತ್ತಿಗೆ ಸುವರ್ಣಕ್ಕ ಚಹಾಕ್ಕೆ ನೀರಿಟ್ಟು ನನ್ನನ್ನು ಕರೆಯುತ್ತಿರುತ್ತಾಳೆ.

ಪ್ರಭಾವತಿ ಕಡಕೋಳ