ಶೇಂಗಾ ಚೀಲ ಹೊತ್ಕೊಂಡು ಬರಬ್ಯಾಡ್ರಿ

ಹಾಸ್ಟೆಲ್, ದಾವಣಗೆರೆ
ಮಂಗಳವಾರ

ಅಪ್ಪಾಜಿಗೆ ಅಂಬಿಕಾಳ ನಮಸ್ಕಾರ.

ನೀವು ಫೋನ್ ಎತ್ತುತಾ ಇಲ್ಲ. ಅದಕ್ಕೆ ಈ ಕಾಗದಾನ ಜಗಳೂರು ಬಸ್ಸಿನ ಕಂಡಕ್ಟರ್ ಸಿದ್ದೇಶಣ್ಣನ ಕೈಯಾಗೆ ಕೊಟ್ಟು ಕಳಿಸ್ತಾ ಇದೀನಿ.

ನಾನು ಗಣಿತದಾಗೆ ಫೇಲ್ ಆಗಿಲ್ಲ. ಸಂಜೆ ಎಕ್ಸ್‌ಟ್ರಾ ಕ್ಲಾಸ್ ಐತೆ ಅಂದಿದ್ದಕ್ಕೆ ನೀವು ಹಂಗೆ ತಿಳ್ಕೊಂಡೀರಿ. ನಮ್ಮೂರ ಸ್ಕೂಲಿನಾಗೆ ಫೇಲಾದೋರನ್ನೇ ಸಂಜೆ ಕೂರಿಸ್ತಿದ್ರಲ್ಲ, ನಿಮ್ಮ ತಪ್ಪಲ್ಲ. ಆದ್ರೆ ಗುರುವಾರ ನೀವು ಶೇಂಗಾ ಚೀಲ ಹೊತ್ಕೊಂಡು ಬಂದು, ಮಗಳನ್ನ ಪಾಸ್ ಮಾಡ್ರಿ ಅಂತ ನಮ್ಮ ಮೇಡಂ ಕಾಲು ಹಿಡಿಯಾಕೆ ಹೊರಟೀರಂತೆ. ಅವ್ವ ಫೋನಿನಾಗೆ ಹೇಳಿದ್ಲು.

ಈ ಕ್ಲಾಸಿಗೆ ನಾನೇ ಕೇಳ್ಕೊಂಡು ಸೇರಿದ್ದು. ಸಿವಿಲ್ ಇಂಜಿನಿಯರಿಂಗ್ ಓದೋರಿಗೆ ಇಷ್ಟು ಗಣಿತ ಬೇಕಾಗಿಲ್ಲ, ಇದಕ್ಕೆ ಮಾರ್ಕ್ಸೂ ಇಲ್ಲ. ಆದ್ರೂ ಒಂದು ಲೆಕ್ಕ ಹಿಡಿದು ಕುಂತ್ರೆ ಊಟದ ಬೆಲ್ ಹೊಡೆದಿದ್ದೂ ಗೊತ್ತಾಗಲ್ಲ. ನೀವು ಸೇರಿಸಿದ್ದ ಜೂನಿಯರ್ ಇಂಜಿನಿಯರ್ ನೌಕರಿ ಪರೀಕ್ಷೆ ಕೋಚಿಂಗೂ ಅದೇ ಹೊತ್ತಿಗೆ ಇತ್ತು. ಅದನ್ನ ಬಿಟ್ಟೀನಿ. ಫೇಲಾಗಿದ್ರೆ ಬೈದು ಸುಮ್ಮನಾಗ್ತಿದ್ರಿ. ಬೇಕಂತಲೇ ಬಿಟ್ಟೆ ಅಂದ್ರೆ ಏನಂತೀರೋ ಗೊತ್ತಿಲ್ಲ.

ಬರಬ್ಯಾಡ್ರಿ ಅಂತ ಬರೆಯಾಕೇ ಕುಂತಿದ್ದೆ, ಕೈ ಬರ್ತಿಲ್ಲ. ಗುರುವಾರ ಆ ಕ್ಲಾಸಿನಾಗೆ ಮೇಡಂ ಬದಲು ಬೋರ್ಡಿನ ಮುಂದೆ ನಿಂತು ಪಾಠ ಮಾಡೋಳು ನಾನೇ. ಬಂದ್ರೆ ಯಾರ ಕಾಲೂ ಹಿಡೀಬ್ಯಾಡ್ರಿ, ಹಿಂದಿನ ಬೆಂಚಿನಾಗೆ ಕುಂತ್ಕೊಳ್ರಿ. ಅರ್ಥ ಆಗದಿದ್ರೂ ಮುಗಿಯೋತನಕ ಎದ್ದು ಹೋಗಬ್ಯಾಡ್ರಿ. ಬೈಯೋದಿದ್ರೆ ಆಮೇಲೆ ಬೈರಿ.

ನಿಮ್ಮ ಮಗಳು,
ಅಂಬಿಕಾ