ಸೋಮವಾರದ ಕೋಟು

ಶ್ರೀನಿವಾಸಪುರ
ಭಾನುವಾರ ಸಂಜೆ, 1941

ಕೋಲಾರದ ಪೂಜ್ಯ ಪಾದ್ರಿಯವರಿಗೆ ರಾಹೇಲಮ್ಮ ಮಾಡುವ ವಂದನೆಗಳು.

ನಮ್ಮ ಯಜಮಾನರು ಇವತ್ತು ಮಧ್ಯಾಹ್ನ ಪ್ರಭುವಿನಲ್ಲಿ ನಿದ್ರೆಹೋದರು. ಆರಾಧನೆ ಮುಗಿಸಿ ಬಂದು, ಮುದ್ದೆ ಉಂಡು, ಗೋಡೆಗೆ ಒರಗಿ ಕೀರ್ತನೆ ಗುನುಗುತ್ತಿದ್ದರು. ಹಾಡು ನಿಂತಿತು, ಅಷ್ಟೇ. ನರಳಲಿಲ್ಲ.

ನಿಮಗೆ ಗೊತ್ತಲ್ಲ, ಶನಿವಾರ ಸಂಜೆ ಹೊಲಿಗೆ ಮಿಷನ್ನಿನ ಸೂಜಿ ಬಿಚ್ಚಿ ಸತ್ಯವೇದದ ಬಟ್ಟೆಹೊದಿಕೆಗೆ ಚುಚ್ಚಿಡುವುದು ಅವರ ಪದ್ಧತಿ. ಸೋಮವಾರ ಬೆಳಗಾದ ಮೇಲೇ ತೆಗೆಯುತ್ತಿದ್ದರು. ಇವತ್ತು ಬೆಳಿಗ್ಗೆ ಪಕ್ಕದ ಬೀದಿಯ ಆವಲಮ್ಮ ಮಗನ ಮದುವೆ ಕೋಟಿಗಾಗಿ ಎಷ್ಟು ಬೇಡಿಕೊಂಡರೂ, "ನಾಳೆ ಬೆಳಿಗ್ಗೆ ಕೊಡ್ತೀನಮ್ಮಾ" ಅಂದುಬಿಟ್ಟರು.

ಸಾವಿನ ಮನೆಯ ಬಟ್ಟೆಯನ್ನು ಮದುವೆಗೆ ಯಾರು ತೊಡುತ್ತಾರೆ ಎಂದು ನಾನು ಕೋಟು ಮಡಿಸಿಟ್ಟಿದ್ದೆ. ಸುದ್ದಿ ತಿಳಿದು ಓಡಿಬಂದ ಆವಲಮ್ಮ ಅದನ್ನು ನೋಡಿ, "ಯಾಕಕ್ಕಾ ಮಡಿಸ್ಬಿಟ್ಟೆ? ಅಣ್ಣ ಮಾತು ಕೊಟ್ಟಿದ್ದ ಬಟ್ಟೆ, ನಮ್ಗ್ಯಾವ ಮೈಲಿಗೇನೂ ಇಲ್ಲ. ನೀನೇ ಮುಗಿಸ್ಕೊಡು" ಅಂದಳು. ಈ ಪತ್ರ ತಂದಿರುವುದೂ ಅವಳ ಗಂಡನೇ.

ಒಂದು ಬಿನ್ನಹ. ನಾಳೆ ಸಮಾಧಿ ಮಾಡಲು ಹತ್ತು ಗಂಟೆಯ ಮೇಲೆ ಬನ್ನಿ. ಕೋಟಿಗೆ ಒಂದು ತೋಳು ಕೂಡಿಸುವುದು ಬಾಕಿ ಇದೆ. ಈಗಲೇ ಕೂತು ಮುಗಿಸಬಹುದಿತ್ತು. ಆದರೆ ಇವತ್ತು ಭಾನುವಾರ, ಅವರಿನ್ನೂ ಮನೆಯಲ್ಲೇ ಇದ್ದಾರೆ.

ಇತಿ,
ದರ್ಜಿ ಆಶೀರ್ವಾದಪ್ಪನವರ ಮನೆಯಿಂದ
ರಾಹೇಲಮ್ಮ